ನಾಮ ಹಚ್ಚಿದ ಚುಂಬಕಗಳು

ಹೋದ ತಿಂಗಳು ಪುಣೆಯ ಧನಕವಡಿಯ ಮನೆಯಲ್ಲಿ ರಾಯರ ವೈಕುಂಠ ಸಮಾರಾಧನೆ ಆಯಿತು. ಊಟ ಮುಗಿದ ಮೇಲೆ ಯಾರೋ ಒಬ್ಬರು, ‘ಇವರಿಗೆ ರಾಯರು ಎಲ್ಲಾರಕಿಂತ ಹೆಚ್ಚು ಗೊತ್ತು, ಇವರು ಎರಡು ಮಾತು ಹೇಳಲಿ’ ಎಂದು ನನ್ನನ್ನು ಎಬ್ಬಿಸಿದರು. ನಿಂತೆ. ‘ರಾಯರು ಅಂದ್ರ ಭಾಳ ದೊಡ್ಡ…’ ಎಂದು ಶುರು ಮಾಡಿದೆ. ದೊಡ್ಡ ಏನು ಎಂಬುದು ಹೊಳೆಯದೆ ಹಾಗೇ ಕೂತುಬಿಟ್ಟೆ. ದುಃಖಕ್ಕೆ ಗಂಟಲು ಕಟ್ಟಿತೆಂದು ಜನ ತಿಳಿದರು. ದುಃಖವೇನೋ ಇತ್ತು, ಇಲ್ಲವೆನ್ನಲಾರೆ. ಆದರೆ ಮಾತು ನಿಂತದ್ದು ಅದಕ್ಕಲ್ಲ. ದೊಡ್ಡ ಮಡಿವಂತರು ಎನ್ನಬೇಕೋ, ದೊಡ್ಡ ಯಂತ್ರಜ್ಞರು ಎನ್ನಬೇಕೋ, ದೊಡ್ಡ ಮಳ್ಳರು ಎನ್ನಬೇಕೋ, ಇಷ್ಟು ವರ್ಷವಾದರೂ ನನಗೆ ಬಗೆಹರಿದಿರಲಿಲ್ಲ.

ರಾಯರು ಎಂಬುದು ಅವರ ಹೆಸರಲ್ಲ. ಪುಣೆಯ ನಮ್ಮ ಕಚೇರಿಯಲ್ಲಿ ಧಾರವಾಡ, ಬೆಳಗಾವಿ ಕಡೆಯಿಂದ ಬಂದ ನಾಲ್ಕಾರು ಕನ್ನಡದ ಗುಮಾಸ್ತರು ಅವರನ್ನು ಹಾಗೆ ಕರೆಯುತ್ತಿದ್ದೆವು. ಎರಡನೆಯ ಮಹಾಯುದ್ಧದ ಕಾಲ ಅದು. ಸೈನ್ಯದ ಲೆಕ್ಕ ನೋಡುವ ಕಚೇರಿ, ತಲೆ ಎತ್ತಲಾರದಷ್ಟು ಕೆಲಸ. ರಾಯರು ಉದ್ದಕ್ಕೆ, ತೆಳ್ಳಗೆ ಇದ್ದರು. ತಲೆಗೆ ಕರಿ ಟೋಪಿ, ಹಣೆಗೆ ಅಂಗಾರ, ಅಕ್ಷತೆ, ಕಪೋಲದ ಮೇಲೆ ಗೋಪಿಚಂದನದ ಮುದ್ರೆ. ಕೋಟಿನ ಒಂದು ಕಿಸೆಯಲ್ಲಿ ನಶ್ಯದ ಡಬ್ಬಿ, ಇನ್ನೊಂದು ಕಿಸೆಯಲ್ಲಿ ಸ್ಕ್ರೂಡ್ರೈವರ್. ಕಚೇರಿಯ ಪಂಖಾ ನಿಂತರೆ ಸ್ಟೂಲು ಹತ್ತಿ ಬಿಚ್ಚುವವರು ಅವರೇ. ಅದರೊಳಗಿನ ಜಿಡ್ಡು ಯಾವ ಪ್ರಾಣಿಯದೋ ಏನೋ ಎಂದು ಮನೆಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಳ್ಳುವವರೂ ಅವರೇ. ಪಂಖಾ ಬಿಚ್ಚುವಾಗ ಅವರಿಗಾಗುತ್ತಿದ್ದ ಸಂತೋಷವನ್ನು ನಾನು ಕಣ್ಣಾರೆ ಕಂಡಿದ್ದೇನೆ. ಸ್ನಾನದ ಸಂತೋಷವೂ ಅಷ್ಟೇ ಇದ್ದಿರಬೇಕು.

ಅವರ ಬಾಯಲ್ಲಿ ಸದಾ ಇರುತ್ತಿದ್ದ ಮಾತು ಒಂದೇ: ‘ಅದೂ ಖರೆ, ಇದೂ ಖರೆ.’ ಯುದ್ಧ ಈ ವರ್ಷ ಮುಗಿಯುತ್ತದೆ ಎಂದು ಒಬ್ಬ, ಇಲ್ಲ ಎಂದು ಇನ್ನೊಬ್ಬ ಮೇಜು ಗುದ್ದಿ ಜಗಳಾಡುತ್ತಿದ್ದರೆ ರಾಯರು ಒಂದು ಚಿಟಿಕೆ ನಶ್ಯ ಏರಿಸಿ, ‘ಅದೂ ಖರೆ, ಇದೂ ಖರೆ’ ಎಂದು ತಮ್ಮ ಕಾಗದಕ್ಕೆ ಮರಳುತ್ತಿದ್ದರು. ನನಗೆ ಮೈಯೆಲ್ಲಾ ಉರಿಯುತ್ತಿತ್ತು. ನಾನು ಒಂದು ಮಾತಿಗೆ ಒಂದೇ ಅರ್ಥ ಬೇಕೆನ್ನುವ ಮನುಷ್ಯ. ‘ರಾಯರ, ಎರಡೂ ಖರೆ ಹೆಂಗ ಆಗ್ತಾವ್ರಿ?’ ಎಂದು ರೇಗಿದರೆ, ‘ನೀವನ್ನೋದೂ ಖರೆ’ ಎನ್ನುತ್ತಿದ್ದರು. ಇಂಥವರ ಜೊತೆ ಜಗಳ ಆಡುವುದಾದರೂ ಹೇಗೆ ಹೇಳಿ.

ಒಂದೇ ವಾಡೆಯಲ್ಲಿ ನಮ್ಮ ವಾಸ. ಕೆಳಗಿನ ಸಣ್ಣ ಖೋಲಿ ನನ್ನದು, ಮಾಳಿಗೆ ಅವರದು. ನಾನಿನ್ನೂ ಮದುವೆಯಾಗದವ, ಊಟ ಅವರ ಮನೆಯಲ್ಲೇ. ರಾಯರ ಹೆಂಡತಿ ಬಹಳ ಹಿಂದೆಯೇ ತೀರಿಕೊಂಡಿದ್ದರು. ಮನೆಯಲ್ಲಿದ್ದದ್ದು ಅವರ ತಾಯಿ ಮತ್ತು ಗಂಡ ಸತ್ತು ತವರಿಗೆ ಬಂದಿದ್ದ ತಂಗಿ ಅಂಬಕ್ಕ. ತಾಯಿಯನ್ನು ಅವರಂತೆ ನಾನೂ ಅವ್ವ ಎನ್ನುತ್ತಿದ್ದೆ. ಅವ್ವನ ಮಡಿ ಅಂದರೆ ಮಡಿ! ನನ್ನ ಅಂಗಿಯ ತೋಳು ಬಾಗಿಲ ಚೌಕಟ್ಟಿಗೆ ತಾಗಿದರೂ ಒಳಗಿನಿಂದ ಆಕೆಗೆ ತಿಳಿಯುತ್ತಿತ್ತು. ಆದರೆ ಬಡಿಸುವಾಗ ತುಪ್ಪದ ಕೈ ಹಿಡಿದವಳಲ್ಲ.

ಅಂಬಕ್ಕ ಹೆಣ್ಣುಮಕ್ಕಳ ಶಾಲೆಯ ಮಾಸ್ತರ್ತಿ ಆಗಬೇಕೆಂದು ಟ್ರೇನಿಂಗ್ ಪರೀಕ್ಷೆಗೆ ಓದುತ್ತಿದ್ದಳು. ಹಗಲೆಲ್ಲಾ ಅಡಿಗೆ, ಮಡಿನೀರು, ಹಪ್ಪಳ. ಓದಲಿಕ್ಕೆ ಸಿಗುತ್ತಿದ್ದದ್ದು ದೀಪ ಹಚ್ಚಿದ ಮೇಲಿನ ಹೊತ್ತು ಮಾತ್ರ. ಚಿಮಣಿ ಎಣ್ಣೆಗೆ ರೇಶನ್ನು. ವಾಡೆಯ ಮಾಲಕ ಮಾಳಿಗೆಗೆ ವಿದ್ಯುತ್ತಿನ ತಂತಿ ಎಳೆಯಲು ಬಿಡಲೊಲ್ಲ, ಕಟ್ಟಿಗೆಯ ವಾಡೆ ಸುಟ್ಟು ಹೋದೀತೆಂದು ಅವನಿಗೆ ಹೆದರಿಕೆ. ಇದ್ದ ಎಣ್ಣೆಯಲ್ಲಿ ಅಂಬಕ್ಕ ಕಂದೀಲು ಹಚ್ಚಿಕೊಂಡು ಕೂತದ್ದನ್ನು ನೋಡಿ ಅವ್ವ ಒಂದು ದಿನ ಮಗನಿಗೆ ಕಡ್ಡಿ ಮುರಿದಂತೆ ಹೇಳಿದಳು.

‘ತಮ್ಮಾ, ಈ ಮನಿದು ಎಣ್ಣಿ, ಈ ಮನಿದು ರೊಕ್ಕ ಇಕಿ ಓದಿಗೆ ಹತ್ತಿದ್ರ ನಾ ಊಟಾ ಬಿಡತೀನಿ ನೋಡು.’

‘ಯಾಕವ್ವಾ? ಓದಿದ್ರ ಏನಾತು?’

‘ಏನಾತು ಅಂದ್ರ? ಪಾಸಾದ್ಲು ಅಂದ್ರ ಯಾವದೋ ಊರಿಗೆ ಹಾಕತಾರ, ಹೋಗತಾಳ. ನಾ ಕಡೀಕ ಯಾರ ಕೈಯಾಗ ನೀರು ಕುಡೀಲಿ?’

ಅಂಬಕ್ಕ ಕಂದೀಲು ಆರಿಸಿದಳು. ಮರುದಿನ ರಾಯರು ತಾವೇ ಮತ್ತೆ ಅದನ್ನು ಹಚ್ಚಿಟ್ಟರು. ಅವ್ವ ಹೇಳಿದಂತೆ ಮಾಡಿದಳು. ಎರಡು ಹೊತ್ತು ಎಲೆಯ ಮುಂದೆ ಕೂಡಲೇ ಇಲ್ಲ. ಅಂಬಕ್ಕ ಅಳುತ್ತ ಪುಸ್ತಕ ಕಟ್ಟಿ ಜಂತಿಯ ಮೇಲಿಟ್ಟಳು. ಆ ಮನೆಯಲ್ಲಿ ಊಟ ಮಾಡುವುದೇ ನನಗೆ ಕಷ್ಟವಾಯಿತು.

ಆಗ ರಾಯರಿಗೆ ಗಾಳಿಯ ಯೋಚನೆ ಬಂತು. ಯಾವುದೋ ಹಳೆಯ ಇಂಗ್ಲಿಷ್ ಮಾಸಪತ್ರಿಕೆಯಲ್ಲಿ, ಬಯಲುಸೀಮೆಯ ರೈತನೊಬ್ಬ ಗಾಳಿಪಂಖಾ ಕಟ್ಟಿ, ಅದರಿಂದ ವಿದ್ಯುತ್ತು ತೆಗೆದು ದೀಪ ಉರಿಸಿದ್ದನ್ನು ಅವರು ಓದಿದ್ದರಂತೆ. ಅವ್ವನ ಹತ್ತಿರ ಹೋಗಿ ಕೇಳಿದರು: ‘ಅವ್ವಾ, ಗಾಳಿ ಈ ಮನಿದೇನು?’

‘ಗಾಳಿ ಯಾರ ಮನಿದೂ ಅಲ್ಲೋ. ವಾಯುದೇವರದು.’

‘ವಾಯುದೇವರು ದೀಪಾ ಕೊಟ್ರ, ಅಂಬಿ ಓದಬಹುದೇನು?’

ಮುಖ್ಯಪ್ರಾಣನ ಪೂಜೆಯಾಗದೆ ಬಾಯಿಗೆ ನೀರು ಹಾಕದ ಮನೆ ಅದು. ವಾಯುದೇವರು ಕೊಟ್ಟದ್ದನ್ನು ಬೇಡ ಎನ್ನಲು ಅವ್ವನಿಗೆ ಬಾಯಿ ಎಲ್ಲಿಂದ ಬರಬೇಕು? ಸ್ವಲ್ಪ ಹೊತ್ತು ಮಗನ ಮುಖವನ್ನೇ ನೋಡಿದಳು. ‘ದೇವರು ಕೊಟ್ರ ನಾ ಯಾರು ಬ್ಯಾಡನ್ನಾಕಿ? ಓದ್ಲಿ’ ಎಂದಳು. ನನಗೆ ಇದು ಭಕ್ತಿಯೋ ಕಿಲಾಡಿತನವೋ ತಿಳಿಯಲಿಲ್ಲ. ಕೇಳಿದರೆ ಉತ್ತರ ಗೊತ್ತೇ ಇತ್ತು, ಅದೂ ಖರೆ, ಇದೂ ಖರೆ.

ಪಂಖಾದ ರೆಕ್ಕೆಗಳನ್ನು ಚಹಾ ಪೆಟ್ಟಿಗೆಯ ಹಲಗೆಯಿಂದ ಕೆತ್ತಿದರು. ತಾಮ್ರದ ತಂತಿಯನ್ನು ಕೆಟ್ಟ ಪಂಖಾದಿಂದ ಬಿಚ್ಚಿದರು. ತೊಡಕಾದದ್ದು ಚುಂಬಕಕ್ಕೆ. ಚುಂಬಕದ ಮುಂದೆ ತಂತಿಯ ಸುರುಳಿ ತಿರುಗಿದರೆ ತಾನೇ ವಿದ್ಯುತ್ತು? ಒಳ್ಳೆಯ ಚುಂಬಕ ಕೊಳ್ಳಲು ರೊಕ್ಕವಿಲ್ಲ, ಮನೆಯ ರೊಕ್ಕ ಮುಟ್ಟುವಂತಿಲ್ಲ. ರಾಯರು ನಶ್ಯ ಬಿಟ್ಟರು. ನಶ್ಯದ ಹಣವೇ ಚುಂಬಕದ ಹಣ. ಡಬ್ಬಿಯಲ್ಲಿ ನಶ್ಯದ ಬದಲು ಸಣ್ಣ ಸಣ್ಣ ಮೊಳೆಗಳನ್ನು ತುಂಬಿಕೊಂಡರು, ಚುಂಬಕದ ಕಸುವು ಪರೀಕ್ಷಿಸಲಿಕ್ಕೆ. ಕಚೇರಿಯಲ್ಲಿ ಹಳೆಯ ರೂಢಿಯಂತೆ ಚಿಟಿಕೆ ಹಿಡಿದು ಮೊಳೆಗಳನ್ನು ಮೂಗಿನ ತನಕ ಒಯ್ದು ನಿಲ್ಲಿಸಿದ್ದನ್ನು ನಾನೇ ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದೇನೆ.

ರವಿವಾರ ಬಂತೆಂದರೆ ನನ್ನನ್ನು ಕಟ್ಟಿಕೊಂಡು ಜುನಾ ಬಾಜಾರಕ್ಕೆ ಹೊರಡುತ್ತಿದ್ದರು. ಖಡಕಿಯ ಮಿಲಿಟರಿಯಿಂದ ಹೊರಬಿದ್ದ ಮುರುಕು ಮೋಟಾರು, ಟೆಲಿಫೋನು, ಬೂಟು, ತಗಡು ಎಲ್ಲಾ ಅಲ್ಲಿ ಗೋಣಿಯ ಮೇಲೆ ಹರವಿರುತ್ತಿತ್ತು. ಹಳೆಯ ಟೆಲಿಫೋನಿನ ಗಂಟೆ ಬಾರಿಸುವ ಯಂತ್ರದೊಳಗೆ ಕುದುರೆ ಲಾಳದ ಆಕಾರದ ಸಣ್ಣ ಚುಂಬಕ ಸಿಗುತ್ತದೆ. ಮೋಟಾರಿನ ಕಿಡಿ ಹಾರಿಸುವ ಯಂತ್ರದಲ್ಲಿ ಅಂಥದ್ದೇ ದೊಡ್ಡದು. ಸಣ್ಣದು ಅಗ್ಗ, ಆದರೆ ಅಶಕ್ತ. ದೊಡ್ಡದು ಗಟ್ಟಿ, ಆದರೆ ಕೈಗೆಟುಕದು. ಸಣ್ಣವು ಬಹಳ ಕೊಳ್ಳಬೇಕೋ, ದೊಡ್ಡವು ಕೆಲವೇ ಕೊಳ್ಳಬೇಕೋ? ಮಳೆಗಾಲವೆಲ್ಲಾ ಇದೇ ಜಿಜ್ಞಾಸೆ. ಒಂದು ವಾರ ಸಣ್ಣದೇ ಸರಿ ಎಂದು ಹೊರಟು ದೊಡ್ಡದನ್ನು ಕೈಯಲ್ಲಿ ಹಿಡಿದು ನಿಲ್ಲುವರು, ಮುಂದಿನ ವಾರ ಅದರ ಉಲ್ಟಾ. ಬರಿಗೈಯಲ್ಲಿ ಮರಳಿ ಬರುವುದು ಮಾತ್ರ ತಪ್ಪುತ್ತಿರಲಿಲ್ಲ.

ಅವರು ಆರಿಸುವ ಬಗೆ ನೋಡಬೇಕಿತ್ತು. ಚುಂಬಕವನ್ನು ಮೊಳೆಯ ಡಬ್ಬಿಗೆ ಹಿಡಿದು ಎಷ್ಟು ಎತ್ತುತ್ತದೆ ನೋಡುವರು. ಆಮೇಲೆ ದಾರ ಕಟ್ಟಿ ಗಾಳಿಯಲ್ಲಿ ತೂಗಬಿಟ್ಟು, ಉತ್ತರಕ್ಕೆ ತಿರುಗಿದ ತುದಿಗೆ ಕುಂಕುಮ, ದಕ್ಷಿಣದ ತುದಿಗೆ ಗೋಪಿಚಂದನ ಹಚ್ಚುವರು. ಮಾರುವವನ ಗೋಣಿಯ ಮೇಲೆ ನಾಮ ಹಚ್ಚಿಕೊಂಡ ಚುಂಬಕಗಳ ಸಾಲೇ ಕೂತಿರುತ್ತಿತ್ತು. ಎಲ್ಲಾ ಒಂದೇ ಕಸುವಿನವು ಇರಬೇಕಂತೆ. ಒಂದು ಗಟ್ಟಿ ಇದ್ದು ಒಂದು ಸೋತರೆ ಪಂಖಾ ಕುಂಟುತ್ತದಂತೆ. ‘ಗುಣಾ ಕೂಡಬೇಕ್ರಿ’ ಎನ್ನುತ್ತಿದ್ದರು. ಅಂಗಡಿಯ ಚಾಚಾ ಒಂದು ದಿನ ತಾಳ್ಮೆಗೆಟ್ಟು, ‘ಪಂಡತಜೀ, ಲೋಹಾ ಖರೀದತೇ ಹೋ ಯಾ ಬೇಟೀ ಕೀ ಶಾದೀ ಕರತೇ ಹೋ?’ ಎಂದು ಕೇಳಿದ. ಕಬ್ಬಿಣ ಕೊಳ್ಳುತ್ತೀರೋ, ಮಗಳ ಮದುವೆ ಮಾಡುತ್ತೀರೋ ಎಂದು! ಸುತ್ತಲಿನವರೆಲ್ಲಾ ನಕ್ಕರು. ರಾಯರೂ ನಕ್ಕರು, ಆದರೆ ದಾರ ಕೆಳಗಿಡಲಿಲ್ಲ.

ಕಿಸೆಯಲ್ಲಿ ಯಾವಾಗಲೂ ಒಂದು ಮೆತ್ತನೆಯ ಕಬ್ಬಿಣದ ಪಟ್ಟಿ ಇರುತ್ತಿತ್ತು. ಪರೀಕ್ಷೆ ಮುಗಿದ ಕೂಡಲೇ ಅದನ್ನು ಚುಂಬಕದ ಎರಡು ತುದಿಗಳ ನಡುವೆ ಅಡ್ಡ ಇಡುತ್ತಿದ್ದರು. ಯಾಕೆ ಎಂದು ಕೇಳಿದೆ.

‘ಲೋಹಚುಂಬಕಕ್ಕ ಮೂರು ವೈರಿ ನೋಡ್ರಿ. ಬೆಂಕಿ, ಪೆಟ್ಟು, ಒಂಟಿತನ. ಹಿಡಕೊಳ್ಳಿಕ್ಕೆ ಏನೂ ಇಲ್ಲದ ಹಂಗs ಬಿಟ್ರ ದಿನಾ ದಿನಾ ಸೊರಗತದ. ಬಡದ್ರ ಸೊರಗತದ. ಬೆಂಕ್ಯಾಗ ಕೆಂಪಗ ಕಾಸಿದ್ರಂತೂ ಮುಗೀತು, ಬರೇ ಕಬ್ಬಿಣ.’

ಈ ಮಾತನ್ನು ನೆನಪಿಡಿ. ಅವರ ಬಾಯಿಂದಲೇ, ನನ್ನ ಕಿವಿಯಾರೆ ಕೇಳಿದ ಮಾತು ಇದು.

ನವರಾತ್ರಿ ಕಳೆದ ಮೇಲೆ ಒಂದು ರವಿವಾರ ಅವರ ಮನಸ್ಸು ಒಂದು ಕಡೆ ನಿಂತಿತು. ಮೋಟಾರಿನ ದೊಡ್ಡ ಚುಂಬಕಗಳೇ, ಗುಣ ಕೂಡಿದ ನಾಲ್ಕು, ಚಾಚಾ ಬೇಸತ್ತು ಇಳಿಸಿದ ಬೆಲೆಗೆ ಸಿಕ್ಕವು. ಪ್ರತಿಯೊಂದಕ್ಕೂ ಪಟ್ಟಿ ಅಡ್ಡ ಇಟ್ಟು, ದಾರ ಸುತ್ತಿ, ಎದೆಗವಚಿಕೊಂಡು ಮನೆಗೆ ತಂದರು. ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಮುಂದೆ ಎಂದೂ ನೋಡಲಿಲ್ಲ.

ಬಾಗಿಲಲ್ಲಿ ಅವ್ವ ನಿಂತಿದ್ದಳು.

‘ಎಲ್ಲಿದೋ ಇದು?’

‘ಜುನಾ ಬಾಜಾರದ್ದವ್ವಾ.’

‘ಹರಿ ಹರಿ! ಯಾರ ಮನಿದೋ, ಯಾವ ಸತ್ತ ಸೋಲ್ಜರಂದೋ! ವಾಯುದೇವರ ದೀಪಕ್ಕ ಇಂಥಾ ಮೈಲಿಗಿ ಕಬ್ಬಿಣ ಹಚ್ಚತೀಯೇನು? ಬೆಂಕ್ಯಾಗ ಹಾಕಿ ಶುದ್ಧ ಮಾಡಿದ್ರ ಒಳಗ ಬರ್ಲಿ. ಇಲ್ಲಂದ್ರ ಬ್ಯಾಡ.’

ತಪ್ಪು ಆಕೆಯದಲ್ಲ. ಹೊರಗಿನಿಂದ ತಂದ ಕಬ್ಬಿಣದ ಬಾಣಲೆಯನ್ನೂ ಆಕೆ ಹಾಗೆಯೇ ಶುದ್ಧ ಮಾಡುತ್ತಿದ್ದಳು. ಬಚ್ಚಲ ಹಂಡೆಯ ಕೆಳಗೆ ಕೆಂಡ ನಿಗಿನಿಗಿ ಉರಿಯುತ್ತಿತ್ತು. ಅಡಿಗೆ ಮನೆಯ ಬಾಗಿಲಿಗೆ ಅಂಬಕ್ಕ ಬಂದು ನಿಂತಳು. ರಾಯರು ಚುಂಬಕಗಳನ್ನು ನೋಡಿದರು, ಅವ್ವನನ್ನು ನೋಡಿದರು, ತಂಗಿಯನ್ನು ನೋಡಿದರು. ಆಮೇಲೆ ದಾರ ಬಿಚ್ಚಿ, ಪಟ್ಟಿ ತೆಗೆದು, ‘ಆಗ್ಲಿ ಅವ್ವಾ’ ಎಂದು ತಾವೇ ಒಂದೊಂದಾಗಿ ಕೆಂಡದಲ್ಲಿ ಇಟ್ಟರು.

ನಾನು ಕೂಗಿದೆ: ‘ರಾಯರ! ನೀವs ಹೇಳಿದ್ರೆಲ್ಲಾ, ಬೆಂಕ್ಯಾಗ…’

ಕೈ ಎತ್ತಿ ನನ್ನ ಬಾಯಿ ಮುಚ್ಚಿಸಿದರು. ಅವ್ವ ಊದುಗೊಳವೆ ಹಿಡಿದು ಊದಿದಳು. ಕೆಂಪಗೆ ಕಾದ ಮೇಲೆ ತುಳಸಿ ಹಾಕಿದ ನೀರಿನಲ್ಲಿ ಅದ್ದಿದಳು. ಚುಸ್ಸೆಂದವು. ಅವು ತಣ್ಣಗಾದ ಮೇಲೆ ನಾನು ಡಬ್ಬಿಯಿಂದ ಒಂದು ಮೊಳೆ ತೆಗೆದು ಮುಟ್ಟಿಸಿದೆ. ಟಣ್ ಎಂದು ನೆಲಕ್ಕೆ ಬಿತ್ತು. ರಾಯರು ಅದನ್ನು ನೋಡಿಯೂ ನೋಡದವರಂತೆ ಹೆಕ್ಕಿ ಡಬ್ಬಿಗೆ ಹಾಕಿಕೊಂಡರು. ಇಡೀ ಮಳೆಗಾಲ ಅಲೆದು ಆರಿಸಿದ ವಸ್ತುವನ್ನು ಕೈಯಾರೆ ಕೊಂದ ಮನುಷ್ಯನಿಗೆ ಏನನ್ನಬೇಕು? ಅವತ್ತು ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂತು. ಅಂಬಕ್ಕನ ಮುಖ ನೋಡಲಾಗಲಿಲ್ಲ.

ಮುಂದಿನದು ಇನ್ನೂ ವಿಚಿತ್ರ. ಸತ್ತ ಆ ಚುಂಬಕಗಳನ್ನೇ ಶಾಸ್ತ್ರೋಕ್ತವಾಗಿ ಕೂಡಿಸಿ, ಮಾಳಿಗೆಯ ಪಕ್ಕದ ತೆರೆದ ಗಚ್ಚಿನಲ್ಲಿ ಪಂಖಾ ನಿಲ್ಲಿಸಿದರು. ಕೆಳಗೊಂದು ಬೀಗ ಹಾಕಿದ ಕಟ್ಟಿಗೆಯ ಪೆಟ್ಟಿಗೆ. ಅದರಿಂದ ಅಂಬಕ್ಕನ ಮೂಲೆಗೊಂದು ತಂತಿ. ಇದರಿಂದ ಏನು ಬರುತ್ತದೆ, ಮಣ್ಣು, ಎಂದು ನಾನು ಮೂಗು ಮುರಿಯುತ್ತ ಕೂತಿದ್ದೆ. ಸಂಜೆ ರಾಯರು ಗುಂಡಿ ಒತ್ತಿದರು. ದೀಪ ಹತ್ತಿತು!

ನಿಂಬೆಹಣ್ಣಿನಷ್ಟು ಬೆಳಕು, ಪುಸ್ತಕದ ಪುಟಕ್ಕೆ ಸಾಕಾಗುವಷ್ಟು. ಅವ್ವ ದೀಪಕ್ಕೆ ಕೈಮುಗಿದಳು. ಅಂಬಕ್ಕ ಜಂತಿಯ ಮೇಲಿನ ಗಂಟು ಇಳಿಸಿದಳು. ನನ್ನ ತಲೆ ಮಾತ್ರ ಕೆಟ್ಟು ಮೊಸರಾಯಿತು. ನಾನು ಬಿ.ಎ. ಓದಿದವ. ಬೆಂಕಿಯಲ್ಲಿ ಸುಟ್ಟರೆ ಚುಂಬಕಕ್ಕೆ ಕಸುವು ಬರುತ್ತದೆಯೋ ಏನೋ, ತುಳಸಿ ನೀರಿನಲ್ಲೇ ಏನಾದರೂ ಇದೆಯೋ ಎಂದು ಕಚೇರಿಯಲ್ಲಿ ವಾದ ಮಾಡಿ ನಗೆಪಾಟಲಾದೆ. ರಾಯರು ಪಕ್ಕದಲ್ಲೇ ಕೂತು ಕೇಳಿಯೂ ತುಟಿ ಬಿಚ್ಚಲಿಲ್ಲ.

ಬಗೆಹರಿಯದ ಸಂಗತಿಗಳು ಇನ್ನೂ ಇದ್ದವು. ಚುಂಬಕ ಕೊಂಡಾಯಿತಲ್ಲ, ಮತ್ತೆ ನಶ್ಯ ಏಕೆ ಶುರು ಮಾಡಲಿಲ್ಲ? ರವಿವಾರ ಮಂಡೈ ಬಾಜಾರದಿಂದ ಕಾಯಿಪಲ್ಲೆ ತರಲು ಈಗ ತಾವೇ ಹೋಗುವರು. ಚೀಲ ಒಂದು ಕಡೆ ಜೋತು ಬಿದ್ದಿರುತ್ತಿತ್ತು. ಕೊಡ್ರಿ ಹಿಡೀತೀನಿ ಎಂದರೆ, ‘ಬ್ಯಾಡ್ರಿ, ಸುವರ್ಣಗಡ್ಡಿ ಅದ, ಭಾಳ ಒಜ್ಜಿ’ ಎನ್ನುವರು. ದಿನಾ ಅಲ್ಲೇ ಉಣ್ಣುವ ನನ್ನ ಎಲೆಗೆ ಒಂದು ದಿನವಾದರೂ ಸುವರ್ಣಗಡ್ಡೆ ಬಿದ್ದದ್ದಿಲ್ಲ. ಅವರ ಧೋತರದ ತುಂಬ ಸಣ್ಣ ಸಣ್ಣ ತೂತು. ‘ನುಸಿ ತಿಂದಾವ’ ಎಂದು ಅವ್ವ ಬಯ್ಯುತ್ತಿದ್ದಳು. ನುಸಿ ಇವರ ಧೋತರವನ್ನೇ ಹುಡುಕಿ ತಿನ್ನುವುದೇಕೆ?

ವೈಶಾಖದ ಒಂದು ಸಂಜೆ ಕಚೇರಿಯಿಂದ ಬರುತ್ತ ಓಣಿಯಿಂದ ತಲೆ ಎತ್ತಿ ನೋಡಿದರೆ, ರಾಯರು ಕೋಟು ಕೂಡ ಕಳಚದೆ ಗಚ್ಚಿನ ಮೇಲೆ ನಿಂತು ಪಂಖಾವನ್ನು ಕೈಯಿಂದ ತಿರುವುತ್ತಿದ್ದರು. ಬೆವರು ಇಳಿಯುತ್ತಿತ್ತು. ‘ಏನ್ ಮಾಡ್ಲಿಕತ್ತೀರಿ ರಾಯರ?’ ಎಂದು ಕೂಗಿದೆ. ‘ಬೇರಿಂಗ್ ನೋಡ್ಲಿಕತ್ತೀನ್ರಿ’ ಎಂದರು. ನಾನು ಕೈಕಾಲು ತೊಳೆದು, ಚಹಾ ಕುಡಿದು ಹೊರಗೆ ಬಂದರೂ ಇನ್ನೂ ತಿರುವುತ್ತಲೇ ಇದ್ದರು. ಮಳ್ಳು ಹಿಡಿದಿದೆ ಎಂದುಕೊಂಡೆ.

ಅಂಬಕ್ಕ ಪಾಸಾದಳು. ದೂರದ ಊರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಕೆಲಸ ಸಿಕ್ಕಿತು. ಹೋಗುವಾಗ ಅವ್ವನನ್ನೂ ಕರೆದುಕೊಂಡು ಹೋದಳು. ಕಡೆಯ ನೀರನ್ನು ಅವ್ವ ಕುಡಿದದ್ದು ಆಕೆಯ ಕೈಯಿಂದಲೇ. ಆಮೇಲೆ ಎಷ್ಟೋ ಸಲ ನಾನು ರಾಯರನ್ನು ಕೇಳಿದೆ: ‘ಈಗಾದ್ರೂ ಹೇಳ್ರಿ, ಆ ದೀಪಾ ಗಾಳೀಲೆ ಹತ್ತತಿತ್ತೋ ಇಲ್ಲೋ?’ ಖಾಲಿ ಮೂಗನ್ನು ಒರೆಸಿಕೊಂಡು ಅದೇ ಹಳೆಯ ಮಾತು ಹೇಳುತ್ತಿದ್ದರು. ಆ ಮಾತಿನೊಂದಿಗೇ ಹೋಗಿಬಿಟ್ಟರು.

ಹೋದ ತಿಂಗಳು ಸಮಾರಾಧನೆಯ ದಿನ, ನಾನು ಮಾತು ಬಾರದೆ ಕೂತದ್ದನ್ನು ಅಂಬಕ್ಕ ನೋಡಿದ್ದಳು. ಈಗ ರಿಟೈರ್ ಆದ ಹೆಡ್‌ಮಾಸ್ತರ್ತಿ, ಕೊನೆಯ ವರ್ಷಗಳಲ್ಲಿ ಅಣ್ಣನ ಜೊತೆಗೇ ಇದ್ದಳು. ಹಿತ್ತಲಿಗೆ ಕರೆದು ಒಂದು ಚುಂಬಕ ನನ್ನ ಕೈಯಲ್ಲಿಟ್ಟಳು. ಬೆಂಕಿಯಲ್ಲಿ ಸುಟ್ಟ ಅದೇ ಚುಂಬಕ. ಅದರ ಬಾಯಿಗೆ ಅಡ್ಡವಾಗಿ ಪಟ್ಟಿ ಇಟ್ಟು ದಾರ ಸುತ್ತಿತ್ತು. ಸತ್ತದ್ದಕ್ಕೆ ಈ ಪಟ್ಟಿ ಯಾಕೆ ಎಂದು ಕೇಳಿದೆ.

‘ಅಣ್ಣನs ಕಟ್ಟಿದ್ದು. ಅದರ ಮ್ಯಾಲೆ ಅವಗ ಭಾಳ ಜೀವ ಇತ್ತು’ ಎಂದಳು. ‘ದೀಪಾ ಹತ್ತತಿದ್ದದ್ದು ಆ ಬೀಗದ ಪೆಟ್ಟಿಗ್ಯಾಗಿನ ಬ್ಯಾಟ್ರೀಲೆ. ಕ್ಯಾಂಪಿನಾಗ ಒಂದು ಮೋಟಾರ್ ಗ್ಯಾರೇಜ್ ಇತ್ತು, ಅಲ್ಲೆ ರವಿವಾರಕ್ಕೊಮ್ಮೆ ತುಂಬಿಸ್ಕೊಂಡು ಕಾಯಿಪಲ್ಲೆ ಚೀಲದಾಗ ತರತಿದ್ದ. ನಶ್ಯದ ರೊಕ್ಕ ಅದಕ್ಕs ಹೋಗತಿತ್ತು. ಧೋತರದ ತೂತು ಆ್ಯಸಿಡ್‌ನದು.’

‘ನನಗೊಂದು ಮಾತು ಹೇಳಬಾರದಿತ್ತೇನ್ರಿ?’

‘ನಿಮ್ಮ ಬಾಯಾಗ ಎಂದಾರ ಮಾತು ನಿಂತಾವೇನ್ರಿ? ನೀವು ಅವ್ವನ ಮುಂದs ಕೂತು ದಿನಾ ಊಟಾ ಮಾಡವರು.’

ನಿಜ, ಒಪ್ಪಿಕೊಂಡೆ. ‘ಅಂದ್ರ ಪಾಪ, ಅವ್ವಗೂ ಗೊತ್ತಾಗಲಿಲ್ಲ’ ಎಂದೆ.

ಅಂಬಕ್ಕ ಹಿತ್ತಲ ಕಟ್ಟೆಯ ಮೇಲೆ ಕೂತಳು.

‘ವೈಶಾಖದಾಗ ಒಂದಿನ ಒಂದು ಎಲೀನೂ ಅಳ್ಳಾಡವಲ್ದು. ಪಂಖಾದ ರೆಕ್ಕಿ ಮ್ಯಾಲೆ ಕಾಗಿ ಬಂದು ಆರಾಮ ಕುಂತಿತ್ತು, ಕಿಟಕ್ಯಾಗಿಂದ ಕಾಣತಿತ್ತು. ಗಾಳಿ ಇಲ್ದ ದೀಪಾ ಹಚ್ಚಿದ್ರ ಅವ್ವಗ ತಿಳೀತದ, ಮತ್ತ ಊಟಾ ಬಿಡತಾಳ ಅಂತ ನಾ ಕತ್ತಲ್ಯಾಗs ಕುಂತಿದ್ದೆ. ನಾಳೆ ಪರೀಕ್ಷಾ. ಅವ್ವ ಜಪಮಣಿ ಹಿಡಕೊಂಡು ಬಂದಳು. ಆ ಕಾಗಿ ನೋಡಿದಳು. ನನ್ನ ನೋಡಿದಳು. “ಯಾಕ ಹಂಗ ಕುಂತಿ? ಗಾಳಿ ಭಾಳ ಚಲೋ ಬಿಟ್ಟದ. ದೀಪಾ ಹಚ್ಚಿ ಓದಕೋ” ಅಂದು ಜಪಕ್ಕ ಕುಂತಳು.’

ನನ್ನ ಕೈಯಲ್ಲಿದ್ದ ಚುಂಬಕ ಭಾರವಾಯಿತು.

‘ಅಣ್ಣ ಆಗs ಕಚೇರಿಯಿಂದ ಬಂದು ಮೆಟ್ಟಲ ಮ್ಯಾಲೆ ನಿಂತಿದ್ದ. ಕೇಳಿಸ್ಕೊಂಡ. ಒಳಗ ಬರಲೇ ಇಲ್ಲ. ಸೀದಾ ಗಚ್ಚಿಗೆ ಹೋದ, ಕಾಗಿ ಹಾರಿಸಿದ, ಅವ್ವನ ಜಪಾ ಮುಗಿಯೂ ತನಕಾ ಪಂಖಾ ಕೈಲೆ ತಿರುವಿದ.’

ನನಗೆ ಬೇರಿಂಗ್ ನೋಡುತ್ತಿದ್ದೇನೆ ಎಂದಿದ್ದರು.